ಸಂಬಳದ ಲೆಕ್ಕ ಆಯ್ತು, ನೀರಿನ ಲೆಕ್ಕ ಯಾರು ಬರೀತಾರೆ?

ಊರ ಹತ್ತಿರ ಕಾರ್ಖಾನೆ ಬೇಕೋ ಬೇಡವೋ ಅಂತ ಕೇಳಿದರೆ ನಮ್ಮ ಹುತ್ರಿದುರ್ಗದ ಸುತ್ತ ಎರಡು ಥರ ಉತ್ತರ ಸಿಗುತ್ತೆ. ಮದುವೆ ವಯಸ್ಸಿನ ಹುಡುಗರು 'ಬೇಕು' ಅಂತಾರೆ. ಕೆರೆ ಹಿಂದಿನ ಗದ್ದೆಯವರು 'ಬೇಡ' ಅಂತಾರೆ. ಇಬ್ಬರ ಮಾತಲ್ಲೂ ಸತ್ಯ ಇದೆ. ಇಬ್ಬರೂ ಪೂರ್ತಿ ಲೆಕ್ಕ ಹಾಕಿಲ್ಲ ಅನ್ನೋದೂ ಅಷ್ಟೇ ಸತ್ಯ. ನಾನು ಓದಿದ್ದು ಏಳನೇ ಕ್ಲಾಸು. ಇರೋದು ಮೂರೂವರೆ ಎಕರೆ ಖುಷ್ಕಿ. ರಾಗಿ, ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು, ಹರಳು; ಜೊತೆಗೆ ಎರಡು ಹಸು. ನನಗೆ ತಿಳಿದಷ್ಟು ಲೆಕ್ಕವನ್ನ ಇಲ್ಲಿ ಬರೆದಿದ್ದೀನಿ.

ನಮ್ಮ ಬೆಟ್ಟದ ಪರಿಚಯ ಇಲ್ಲದವರಿಗೆ ಒಂದು ಮಾತು. ಹುತ್ರಿದುರ್ಗ ಕುಣಿಗಲ್ ತಾಲೂಕಿನ ಪೂರ್ವದ ಅಂಚು, ಅತ್ತ ಕಡೆ ಮಾಗಡಿ ಸೀಮೆ. ಬೆಂಗಳೂರಿನ ಸುತ್ತ ಇರುವ ನವದುರ್ಗಗಳಲ್ಲಿ ಇದೂ ಒಂದು, ಕೆಂಪೇಗೌಡರ ಕಾಲದ ಕೋಟೆ. ಬೆಟ್ಟದ ಬುಡದಲ್ಲಿ ಸಂತೆಪೇಟೆ. ಸುತ್ತ ಬರೀ ಕಲ್ಲು, ಕೆಮ್ಮಣ್ಣು, ಮಳೆ ನಂಬಿದ ಹೊಲ. ನಾಲೆ ನೀರು ಕಾಣದ ಊರುಗಳೇ ಹೆಚ್ಚು.

ಕಾರ್ಖಾನೆ ಕೊಟ್ಟದ್ದು

ಮೊದಲು ಬಂದದ್ದನ್ನ ಬರೆಯೋಣ. ಬಂದದ್ದನ್ನ ಮುಚ್ಚಿಟ್ಟು ಬರೀ ಕಷ್ಟ ಹೇಳಿದರೆ ಯಾರೂ ನಂಬಲ್ಲ.

ಬೆಂಗಳೂರು-ಮಂಗಳೂರು ಹೆದ್ದಾರಿ ಅಗಲ ಆಯ್ತು. 2017ರ ಮಾರ್ಚಿನಲ್ಲಿ ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ರೈಲು ಶುರುವಾಯ್ತು. ಕುಣಿಗಲ್ಲಿನ ಅಂಚೆಪಾಳ್ಯದಲ್ಲಿ ಕೈಗಾರಿಕಾ ಪ್ರದೇಶ ಇದೆ. ತುಮಕೂರು ಆಚೆ ವಸಂತನರಸಾಪುರ ದೊಡ್ಡದು. 2014ರ ಸೆಪ್ಟೆಂಬರಿನಲ್ಲಿ ಅಲ್ಲಿ ಫುಡ್ ಪಾರ್ಕ್ ಉದ್ಘಾಟನೆ ಆಯ್ತು. ಗುಬ್ಬಿ ತಾಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ. 2016ರ ಜನವರಿಯಲ್ಲಿ ಶಂಕುಸ್ಥಾಪನೆ, 2023ರ ಫೆಬ್ರವರಿ 6ಕ್ಕೆ ಉದ್ಘಾಟನೆ.

ನಮ್ಮ ಮನೆ ಲೆಕ್ಕವನ್ನೇ ಹೇಳ್ತೀನಿ. ಮಳೆ ಚೆನ್ನಾಗಿ ಆದ ವರ್ಷ ಎಕರೆಗೆ 9 ಕ್ವಿಂಟಾಲ್ ರಾಗಿ. 2024-25ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ. ಅಂದರೆ ಎಕರೆಗೆ 38,610. ಉಳುಮೆ, ಗೊಬ್ಬರ, ಕಳೆ, ಕೊಯ್ಲು, ಒಕ್ಕಣೆ ಎಲ್ಲ ಸೇರಿ 20 ಸಾವಿರ ಕಳೆದರೆ ಕೈಗೆ 18,610. ಎರಡು ಎಕರೆಗೆ 37,220. ಹುಲ್ಲು ಹಸುಗಳಿಗೆ ಆಯ್ತು. ಮಗ ಗುತ್ತಿಗೆ ಮೇಲೆ ಕಾರ್ಖಾನೆಗೆ ಹೋಗ್ತಾನೆ. ಹಿಡಿತ ಎಲ್ಲ ಕಳೆದು ತಿಂಗಳಿಗೆ 13,500 ಕೈಗೆ ಸಿಗುತ್ತೆ. ಎರಡು ಎಕರೆಯಲ್ಲಿ ವರ್ಷವೆಲ್ಲ ದುಡಿದು ಉಳಿಯೋದು ಅವನ ಮೂರು ತಿಂಗಳ ಸಂಬಳಕ್ಕೂ ಕಡಿಮೆ. ಬೆಂಬಲ ಬೆಲೆ 2025-26ಕ್ಕೆ 4,886 ಆಯ್ತು, ಸಂತೋಷ. ಆದರೂ ಅಂತರ ಮುಚ್ಚಲಿಲ್ಲ.

ಮಳೆ ಕೈಕೊಟ್ಟ 2023ರಲ್ಲಿ ರಾಜ್ಯದ ಬಹುಪಾಲು ತಾಲೂಕುಗಳನ್ನ ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಆ ವರ್ಷ ನಮ್ಮ ಅಡುಗೆಮನೆ ನಡೆದದ್ದು ಹಾಲಿನ ದುಡ್ಡು ಮತ್ತು ಆ ಸಂಬಳದಿಂದ. ಊರ ಹೆಣ್ಣುಮಕ್ಕಳು ಗಾರ್ಮೆಂಟ್ಸ್ ಬಸ್ಸು ಹತ್ತಿ ಹೋಗಿ ಸಂಘದ ಸಾಲ ತೀರಿಸಿದ್ದಾರೆ. ಆದ್ದರಿಂದ ಕಾರ್ಖಾನೆಯನ್ನ ಬರೀ ಬಾಯಿಮಾತಿಗೆ ಬೈಯೋದು ನನ್ನ ಕೈಲಿ ಆಗಲ್ಲ.

ಒಂದೇ ಸಲ ಬರೋ ದುಡ್ಡು

ಸಂಬಳ ತಿಂಗಳು ತಿಂಗಳು ಬರುತ್ತೆ. ಜಮೀನಿನ ದುಡ್ಡು ಒಂದೇ ಸಲ. 2020ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಆಗಿ 79-ಎ, 79-ಬಿ ಕಲಂ ತೆಗೆದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆವತ್ತಿಂದ ನಮ್ಮ ಬೆಟ್ಟದ ಸುತ್ತ ಕಾರುಗಳ ಓಡಾಟ ಜಾಸ್ತಿ. 'ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು' ಅನ್ನೋ ಗಾದೆ ನಮ್ಮ ಕಡೆ ಇದೆ. ಮಾರಿದ ದುಡ್ಡಿನಲ್ಲಿ ಇನ್ನೊಂದು ಕಡೆ ಭೂಮಿ ಕೊಂಡವರು ನಿಂತರು. ಮನೆ, ಕಾರು, ಮದುವೆ ಅಂತ ಮಾಡಿದವರು ಅದೇ ಹೆದ್ದಾರಿ ಪಕ್ಕ ಸೆಕ್ಯುರಿಟಿ ಕೆಲಸ ಹುಡುಕ್ತಾ ಇದ್ದಾರೆ.

ಕಾರ್ಖಾನೆ ಶಾಶ್ವತ ಅಂತಲೂ ತಿಳಿಯಬೇಡಿ. ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಜಿಲ್ಲೆಗೇ ಹೆಮ್ಮೆ ಆಗಿತ್ತು. ಅಲ್ಲಿ ಕೆಲಸ ಸಿಕ್ಕಿತು ಅಂದರೆ ಹೆಣ್ಣು ಕೊಡೋಕೆ ಸಾಲು ನಿಲ್ತಿದ್ದರು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿತು. ಆಮೇಲೆ ಆ ಜಾಗ ಇಸ್ರೋಗೆ ಹೋಯ್ತು. ಕಾರ್ಖಾನೆ ನಿಂತರೂ ಭೂಮಿ ಇನ್ನೊಂದು ಸಂಸ್ಥೆಗೆ ಹೋಗುತ್ತೆ, ಹಳೇ ಹೊಲಕ್ಕೆ ತಿರುಗಿ ಬರಲ್ಲ.

ಗೋಮಾಳ, ಕಾವಲುಗಳದು ಇನ್ನೊಂದು ಕಥೆ. ಅವು ಯಾರ ಪಹಣಿಯಲ್ಲೂ ಇಲ್ಲ. ಅದನ್ನ ಕೈಗಾರಿಕೆಗೆ ಕೊಟ್ಟಾಗ 'ರೈತರ ಜಮೀನು ಹೋಗಲಿಲ್ಲ' ಅಂತಾರೆ. ಆದರೆ ಅಲ್ಲಿ ಕುರಿ ಮೇಯಿಸಿದವನಿಗೆ, ಸೌದೆ ತಂದವಳಿಗೆ ಪರಿಹಾರದ ಪಟ್ಟಿಯಲ್ಲಿ ಹೆಸರೇ ಇರಲ್ಲ.

ಬೇಡ ಅಂದವರ ಮಾತು ನಡೆದದ್ದೂ ಇದೆ. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆಗೆ ನೋಟಿಸು ಬಂದಿತ್ತು. 2022ರ ಏಪ್ರಿಲಿಂದ ಮೂರು ವರ್ಷಕ್ಕೂ ಮೇಲೆ ಧರಣಿ ಕೂತರು. 2025ರ ಜುಲೈ 15ರಂದು ಸ್ವಾಧೀನ ಕೈಬಿಡ್ತೀವಿ ಅಂತ ಮುಖ್ಯಮಂತ್ರಿ ಹೇಳಿದರು. ತಾವಾಗಿ ಕೊಡೋ ರೈತರಿಂದ ಮಾತ್ರ ತಗೋತೀವಿ ಅಂದರು. ಕೊಡೋರು ಕೊಡಲಿ, ಒಲ್ಲದವನ ಕೊರಳಿಗೆ ಹಗ್ಗ ಬೇಡ ಅನ್ನೋದು ನ್ಯಾಯವಾದ ದಾರಿ.

ಭೈರಮಂಗಲದಲ್ಲಿ ಕಂಡದ್ದು

ಈಗ ನೀರಿಗೆ ಬರೋಣ. ಇದನ್ನ ನೋಡಬೇಕು ಅಂತ ಮಾಗಡಿ ಮೇಲೆ ಬಿಡದಿ ಕಡೆಗೆ ಒಂದು ದಿನ ಹೋಗಿದ್ದೆ. ಅಲ್ಲಿ ಭೈರಮಂಗಲ ಕೆರೆ ಇದೆ. 1940ರ ದಶಕದಲ್ಲಿ ವೃಷಭಾವತಿ ನದಿಗೆ ಅಡ್ಡ ಕಟ್ಟಿದ್ದು. ಬಸವನಗುಡಿ ಕಡೆ ಹುಟ್ಟಿದ ಹೊಳೆ ಮೈಸೂರು ರಸ್ತೆ, ಕೆಂಗೇರಿ ದಾಟಿ ಇಲ್ಲಿಗೆ ಬಂದು, ಮುಂದೆ ಅರ್ಕಾವತಿಗೆ ಸೇರಿ ಕಾವೇರಿಗೆ ಹೋಗುತ್ತೆ. ಕೆರೆ ಕಟ್ಟಿದಾಗ ಅಚ್ಚುಕಟ್ಟಿನಲ್ಲಿ ಭತ್ತ, ಕಬ್ಬು.

ಬೆಂಗಳೂರು ಬೆಳೆದಂತೆ ಹೊಳೆಗೆ ಮಳೆ ನೀರಿಗಿಂತ ಕೊಳೆ ನೀರೇ ಜಾಸ್ತಿ ಬಂತು. ಅದರಲ್ಲಿ ಪಟ್ಟಣದ ಚರಂಡಿ ನೀರೂ ಇದೆ, ಕಾರ್ಖಾನೆ ನೀರೂ ಇದೆ. ಎಲ್ಲ ತಪ್ಪೂ ಕೈಗಾರಿಕೆಯದೇ ಅನ್ನೋಕೆ ಬರಲ್ಲ. ಕೋಡಿಯಲ್ಲಿ ಆಳೆತ್ತರ ನೊರೆ, ಮೂಗು ಮುಚ್ಚೋ ವಾಸನೆ. ಆದರೆ ಅಚ್ಚುಕಟ್ಟು ಹಸಿರೋ ಹಸಿರು! ಬೇಸಿಗೆಯಲ್ಲೂ ನೀರು ಬತ್ತದ ಕೆರೆ ಅದು. ಭತ್ತ ಬಿಟ್ಟ ರೈತರು ಬೇಬಿಕಾರ್ನ್, ಹಿಪ್ಪುನೇರಳೆ, ಸೀಮೆಹುಲ್ಲು ಹಾಕಿದ್ದಾರೆ. ಕೊಳೆ ನೀರಲ್ಲಿ ಸಾರಜನಕ ಅತಿ ಇರೋದರಿಂದ ಭತ್ತ ಸೊಪ್ಪು ಬೆಳೆದು ಮಲಗುತ್ತೆ. ಹುಲ್ಲು ಮಾತ್ರ ಕೊಯ್ದಷ್ಟೂ ಬರುತ್ತೆ. ಹುಲ್ಲಿಂದ ಹಾಲು, ಹಾಲಿಂದ ಬಟವಾಡೆ. ಮಳೆ ಕಾಯುವ ನನ್ನಂಥವನಿಗೆ ಮೊದಲ ನೋಟಕ್ಕೆ ಅಸೂಯೆ ಆಗೋದು ಸಹಜ.

ಆದರೆ ಕುಡಿಯೋ ನೀರು? ಸುತ್ತಲ ಹಳ್ಳಿಗಳ ಬಾವಿ, ಕೊಳವೆಬಾವಿ ನೀರು ಕುಡಿಯೋಕೆ ಬರಲ್ಲ. ಎದುರಿಗೆ ಕೆರೆ ತುಂಬಿದೆ, ಜನ ಕ್ಯಾನು ಹಿಡಿದು ಶುದ್ಧ ನೀರಿನ ಘಟಕಕ್ಕೆ ನಡೀತಾರೆ. ಇಂಥ ನೀರಲ್ಲಿ ಬೆಳೆದ ಸೊಪ್ಪು ತರಕಾರಿಯಲ್ಲಿ ಭಾರಲೋಹ ಕಂಡಿದೆ ಅಂತ ಸಂಶೋಧಕರು ಬರೆದಿದ್ದಾರೆ.

ಇಲ್ಲಿ ರೈತರು ತಿಳಿಯಬೇಕಾದ ಒಂದು ಭೇದ ಇದೆ. ಚರಂಡಿ ಕೊಳೆ ಕೊಳೆಯುತ್ತೆ. ಬಿಸಿಲು, ಗಾಳಿ, ಕಾಲ ಸಿಕ್ಕರೆ ಗೊಬ್ಬರ ಆಗುತ್ತೆ. ಲೋಹ ಕೊಳೆಯಲ್ಲ. ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ ಹೂಳಿನಲ್ಲಿ ಕೂತು, ಬೇರಿಗೆ ಹೋಗಿ, ಎಲೆಗೆ ಬಂದು, ದನದ ಹೊಟ್ಟೆಗೆ ಇಳಿಯುತ್ತೆ. ಬೆಂಗಳೂರಿನ ಪೀಣ್ಯದಲ್ಲಿ ಲೋಹಕ್ಕೆ ಹೊಳಪು ಲೇಪ ಕೊಡೋ ಸಣ್ಣ ಸಣ್ಣ ಘಟಕಗಳಿಂದ ಕ್ರೋಮಿಯಂ ನೆಲಕ್ಕೆ ಇಳಿದು ಅಂತರ್ಜಲ ಕೆಟ್ಟಿರೋದು ಹಲವು ಪರೀಕ್ಷೆಗಳಲ್ಲಿ ಸಿಕ್ಕಿದೆ. ಕುಡಿಯೋ ನೀರಿನಲ್ಲಿ ಕ್ರೋಮಿಯಂ ಇರಬಹುದಾದ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಒಂದೇ ಒಂದು ಗ್ರಾಂ ಕ್ರೋಮಿಯಂ 20 ಸಾವಿರ ಲೀಟರ್ ನೀರನ್ನ, ಅಂದರೆ ಐದು ಸಾವಿರ ಲೀಟರಿನ ನಾಲ್ಕು ಟ್ಯಾಂಕರ್ ನೀರನ್ನ, ಮಿತಿಯ ಅಂಚಿಗೆ ತಂದು ನಿಲ್ಲಿಸುತ್ತೆ. ದೊಡ್ಡ ಹೊಗೆಗೂಡಿನ ಕಾರ್ಖಾನೆಯೇ ಆಗಬೇಕಿಲ್ಲ. ಶೆಡ್ಡಿನೊಳಗಿನ ಘಟಕವೂ ಸಾಕು.

ಹಾಗಂತ ಉಪಯೋಗಿಸಿದ ನೀರೆಲ್ಲ ವಿಷ ಅಂತಲೂ ಅಲ್ಲ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗ್ತಾ ಇದೆ. ವರ್ಷಗಟ್ಟಲೆ ಬತ್ತಿದ್ದ ಕೆರೆಗಳು ತುಂಬಿವೆ. ಇನ್ನೂ ಒಂದು ಹಂತ ಹೆಚ್ಚು ಶುದ್ಧ ಮಾಡಿ ಕೊಡಿ ಅಂತ ಅಲ್ಲಿನ ರೈತರು ಕೇಳ್ತಾ ಇದ್ದಾರೆ. ಅವರು ಕೇಳೋದು ಸರಿಯಾಗಿದೆ. ನೀರು ಬೇಕು, ಪರೀಕ್ಷೆಯ ಕಾಗದವೂ ಬೇಕು.

ದೂರದ ಕಾರ್ಖಾನೆ ಹೊಲಕ್ಕೆ ಬಂದ ಬಗೆ

ಕಾರ್ಖಾನೆ ಊರಿಗೆ ಬರದೇ ಇದ್ದರೂ ಅದರ ನೆರಳು ಹೊಲಕ್ಕೆ ಬರುತ್ತೆ. ನೀಲಗಿರಿಯನ್ನ ನೆನೆಯಿರಿ. ಕಾಗದ, ರೇಯಾನ್ ಕಾರ್ಖಾನೆಗಳಿಗೆ ತಿರುಳಿನ ಮರ ಬೇಕಿತ್ತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ಕೋಲಾರ, ತುಮಕೂರು, ಬೆಂಗಳೂರು ಸೀಮೆಯ ರಾಗಿ ಹೊಲಗಳಿಗೇ ನೀಲಗಿರಿ ಇಳಿಯಿತು. ಕೂಲಿ ಬೇಡ, ಕಾವಲು ಬೇಡ, ದನ ತಿನ್ನಲ್ಲ ಅನ್ನೋ ಆಸೆ. 1983ರಲ್ಲಿ ನಮ್ಮ ತುಮಕೂರು ಜಿಲ್ಲೆಯ ರೈತರೇ ಅರಣ್ಯ ಇಲಾಖೆ ನರ್ಸರಿಗೆ ಹೋಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಹಾಕಿದರು. ಆಗ ನಾನು ಶಾಲೆ ಬಿಟ್ಟು ನೇಗಿಲು ಹಿಡಿದ ಹೊಸತು. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ ಆಯ್ತು. ಕಾರ್ಖಾನೆಯ ಮರಕ್ಕಾಗಿ ಹಳ್ಳಿಗಳ ಸಾಮೂಹಿಕ ಭೂಮಿ ಗುತ್ತಿಗೆ ಕೊಟ್ಟದ್ದನ್ನ ಜನ ಒಪ್ಪಲಿಲ್ಲ. ಆ ಕಂಪನಿ 1991ರಲ್ಲಿ ಮುಚ್ಚಿತು. ಹೊಸದಾಗಿ ನೀಲಗಿರಿ ನೆಡಬಾರದು ಅಂತ ಸರ್ಕಾರ ಆದೇಶ ಮಾಡಿದ್ದು 2017ರಲ್ಲಿ. 1983ಕ್ಕೂ 2017ಕ್ಕೂ ನಡುವೆ 34 ವರ್ಷ. ರೈತ ಕಣ್ಣಲ್ಲಿ ಕಂಡದ್ದು ಸರ್ಕಾರದ ಕಾಗದಕ್ಕೆ ಬರೋಕೆ ಅಷ್ಟು ಕಾಲ ಹಿಡೀತು.

ನಮ್ಮ ಬದುವಿನಾಚೆ ಪಕ್ಕದವರ ನೀಲಗಿರಿ ತೋಪು ಇತ್ತು. ಆ ಕಡೆಯ ನಾಲ್ಕೈದು ಸಾಲು ರಾಗಿ ಮೊಣಕಾಲು ದಾಟ್ತಿರಲಿಲ್ಲ. ಮರ ಕಡಿದ ಮೇಲೆ ಬುಡ ತೆಗೆಸೋಕೆ ಜೆಸಿಬಿ ಬೇಕಾಯ್ತು. ಮರ ಮಾರಿದ ದುಡ್ಡಲ್ಲಿ ಅರ್ಧ ಅದಕ್ಕೇ ಹೋಯ್ತು.

ಕಲ್ಲಿನ ಧೂಳು, ಅವರೆಯ ಹೂ

ಬೆಂಗಳೂರು ಕಟ್ಟೋಕೆ ಜಲ್ಲಿ ಬೇಕು. ಹೊಳೆ ಮರಳು ತೆಗೆಯೋದಕ್ಕೆ ಬಿಗಿ ಆದ ಮೇಲೆ ಕಲ್ಲು ಅರೆದು ಮಾಡೋ ಎಂ-ಸ್ಯಾಂಡ್ ಬೇಕು. ರಾಮನಗರ, ಸಾವನದುರ್ಗ, ಶಿವಗಂಗೆ ಸಾಲಿನ ಬೆಟ್ಟದ ಸೀಮೆಗೆ ಇದರ ಬಿಸಿ ತಟ್ಟಿದೆ. ಲಾರಿ ಬಾಡಿಗೆ, ಚಾಲಕ ಕೆಲಸ, ಹೋಟೆಲು, ಪಂಚರ್ ಅಂಗಡಿ ಅಂತ ಇದರಲ್ಲೂ ಬದುಕಿದವರಿದ್ದಾರೆ.

ನಮ್ಮ ಹೊಲದಿಂದ ಎರಡು ಕಿಲೋಮೀಟರ್ ಒಳಗೆ ಒಂದು ಕ್ರಷರ್ ನಡೀತಿತ್ತು. ಅವರೆ ಹೂ ಬಿಡೋದು ಚಳಿ ಶುರುವಾದ ಮೇಲೆ. ಇಬ್ಬನಿ ಬಿದ್ದರೆ ಕಾಯಿಗೆ ಸೊಗಡು ಬರುತ್ತೆ, ಸೊಗಡಿದ್ದರೆ ಸಂತೆಯಲ್ಲಿ ಬೆಲೆ. ಆ ಇಬ್ಬನಿಗೆ ಕಲ್ಲಿನ ಧೂಳು ಸೇರಿದರೆ ಎಲೆ, ಹೂವಿನ ಮೇಲೆ ಗಾರೆ ಬಳಿದಂಗೆ ಆಗುತ್ತೆ. ಜೇನು ಬರಲ್ಲ, ಎಲೆ ಉಸಿರಾಡಲ್ಲ. ಗಾಳಿ ನಮ್ಮ ಕಡೆ ಬೀಸಿದ ಎರಡು ವರ್ಷ ಅವರೆ ಮೂಟೆ ಅರ್ಧಕ್ಕೆ ಇಳೀತು. ಕೊಂಡವರು ಕಾಯಿ ಮೂಸಿ ಪಕ್ಕಕ್ಕಿಟ್ಟರು. ಅರ್ಜಿ ಕೊಟ್ಟಾಗ 'ಧೂಳಿಂದಲೇ ಆಯ್ತು ಅನ್ನೋಕೆ ಏನು ಆಧಾರ?' ಅಂದರು. ಕ್ರಷರ್ ಬರೋಕೆ ಮೊದಲು ಎಷ್ಟು ಮೂಟೆ ಆಗ್ತಿತ್ತು ಅನ್ನೋದಕ್ಕೆ ಊರಲ್ಲಿ ಯಾರ ಹತ್ತಿರವೂ ಒಂದು ಚೀಟಿ ಇರಲಿಲ್ಲ.

ಹಾನಿ ಆಗಿರೋದು ನಮಗೆ ಗೊತ್ತು, ಅವರಿಗೂ ಗೊತ್ತು. ಆದರೆ ಮೊದಲು ಹೇಗಿತ್ತು ಅನ್ನೋದರ ಕಾಗದ ಇಲ್ಲದಿದ್ದರೆ ಯಾವ ಮೇಜಿನ ಮುಂದೆಯೂ ನಮ್ಮ ಮಾತು ನಿಲ್ಲಲ್ಲ. ಕಾರ್ಖಾನೆ ಕಡೆ ಎಲ್ಲಕ್ಕೂ ಕಾಗದ ಇರುತ್ತೆ. ನಾವೂ ಇಟ್ಟುಕೊಳ್ಳೋಣ.

ಸಣ್ಣ ರೈತ ಮಾಡಬಹುದಾದ್ದು

1. ಮೊದಲೇ ನೀರು ಪರೀಕ್ಷೆ ಮಾಡಿಸಿ. ಊರ ಹತ್ತಿರ ಕೈಗಾರಿಕೆ ಬರುತ್ತೆ ಅನ್ನೋ ಸುದ್ದಿ ಕೇಳಿದ ಕೂಡಲೇ ಬಾವಿ, ಕೊಳವೆಬಾವಿ, ಕೆರೆ ಮೂರರ ನೀರೂ ಕೊಡಿ. ಮೋಟಾರು ಹತ್ತು ನಿಮಿಷ ಓಡಿಸಿ, ಚೊಕ್ಕ ಬಾಟಲನ್ನ ಅದೇ ನೀರಲ್ಲಿ ಎರಡು ಮೂರು ಸಲ ಜಾಲಿಸಿ, ಕತ್ತಿನವರೆಗೆ ತುಂಬಿಸಿ. ಸರ್ವೆ ನಂಬರು, ತಾರೀಕು ಬರೆದು ಅದೇ ದಿನ ಮುಟ್ಟಿಸಿ. ನಮ್ಮ ಜಿಲ್ಲೆಯಲ್ಲಿ ಹಿರೇಹಳ್ಳಿ ಮತ್ತು ತಿಪಟೂರಿನ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ, ಅಲ್ಲಿ ವಿಚಾರಿಸಿ. ಕುಡಿಯೋ ನೀರಿಗೆ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೇದು, ಬೇರೆ ನೀರು ಇಲ್ಲದಿದ್ದರೆ 2,000ದವರೆಗೆ. ನೈಟ್ರೇಟ್ 45 ದಾಟಬಾರದು. ಫ್ಲೋರೈಡ್ 1ರ ಒಳಗೆ, ಹೆಚ್ಚೆಂದರೆ 1.5. ಲೋಹದ ಪರೀಕ್ಷೆ ಬೇರೆ, ಅದಕ್ಕೆ ದುಡ್ಡು ಹೆಚ್ಚು; ಹತ್ತು ಮನೆ ಸೇರಿ ಒಂದು ಬಾವಿಯದಾದರೂ ಮಾಡಿಸಿ.

2. ಇಳಿಜಾರು ನೋಡಿ. ನಕ್ಷೆ ನೋಡಿದ ಇಂಜಿನಿಯರಿಗಿಂತ ಮಳೆಯಲ್ಲಿ ಬದು ಕಟ್ಟಿದವನಿಗೆ ನೀರು ಎತ್ತ ಹರಿಯುತ್ತೆ ಅಂತ ಚೆನ್ನಾಗಿ ಗೊತ್ತು. ಗುರುತಿಸಿದ ಜಾಗದಿಂದ ಹಳ್ಳ ಹಿಡಿದು ಕೆಳಗೆ ನಡೆಯಿರಿ. ಮೊದಲು ಸಿಗೋ ಕೆರೆಯವರಿಗೇ ಮೊದಲ ಪೆಟ್ಟು. ಅವರು ಬೇರೆ ಪಂಚಾಯಿತಿಯವರಾದರೂ ಜೊತೆಗೆ ಕರೆದುಕೊಳ್ಳಿ.

3. ಎಂಥ ಕಾರ್ಖಾನೆ ಅಂತ ಕೇಳಿ. ಮಾಲಿನ್ಯ ನಿಯಂತ್ರಣ ಮಂಡಳಿ ಕೈಗಾರಿಕೆಗಳನ್ನ ಕೆಂಪು, ಕಿತ್ತಳೆ, ಹಸಿರು, ಬಿಳಿ ಮುಂತಾಗಿ ವಿಂಗಡಿಸುತ್ತೆ. ಕೆಂಪು ಅಂದರೆ ಹೆಚ್ಚು ಮಾಲಿನ್ಯದ್ದು. ಕಟ್ಟೋಕೆ ಮೊದಲು ಒಂದು ಒಪ್ಪಿಗೆ, ನಡೆಸೋಕೆ ಇನ್ನೊಂದು ಒಪ್ಪಿಗೆ ಬೇಕು. ಎಷ್ಟು ನೀರು ಬಳಸಬಹುದು, ಎಷ್ಟು ಹೊರಗೆ ಬಿಡಬಹುದು ಅನ್ನೋ ಷರತ್ತು ಅದರಲ್ಲೇ ಇರುತ್ತೆ. ಹತ್ತು ರೂಪಾಯಿ ಶುಲ್ಕದಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಪ್ರತಿ ಪಡೆಯಬಹುದು.

4. ಸಾರ್ವಜನಿಕ ಅಹವಾಲು ಸಭೆ ತಪ್ಪಿಸಬೇಡಿ. 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ದೊಡ್ಡ ಯೋಜನೆಗಳಿಗೆ ಜಿಲ್ಲಾಡಳಿತದ ಮುಂದೆ ಸಭೆ ಆಗಬೇಕು. ಒಂದು ಸೂಕ್ಷ್ಮ ಇದೆ: ಒಪ್ಪಿಗೆ ಪಡೆದ ಕೈಗಾರಿಕಾ ಪ್ರದೇಶದ ಒಳಗೆ ಆಮೇಲೆ ಬರೋ ಕಾರ್ಖಾನೆಗೆ ಬೇರೆ ಸಭೆ ಇರಲ್ಲ. ಆದ್ದರಿಂದ ಪ್ರದೇಶ ಮಾಡುವಾಗಲೇ ಕೇಳಬೇಕು. ಹೇಳಿದ್ದನ್ನ ಬರೆದುಕೊಂಡರೋ ಇಲ್ಲವೋ ನೋಡಿ, ಲಿಖಿತವಾಗಿಯೂ ಕೊಡಿ.

5. ಜಮೀನಿನ ನೋಟಿಸು ಬಂದರೆ ತಾರೀಕು ಬರೆದಿಡಿ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಗೆ ಜಮೀನು ತಗೊಳ್ಳೋದು 1966ರ ಕಾಯ್ದೆ ಪ್ರಕಾರ. ನೋಟಿಸು ಕೈಸೇರಿದ 30 ದಿನದೊಳಗೆ ಆಕ್ಷೇಪಣೆ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಕೊಡೋ ಮನಸ್ಸಿದ್ದರೂ ದರ, ಕೆಲಸದ ಷರತ್ತು ಎಲ್ಲ ಕಾಗದದಲ್ಲಿರಲಿ. ಮರ, ಬಾವಿ, ಪೈಪು ಎಣಿಸಿ ಪಟ್ಟಿ ಮಾಡಿಸಿ.

6. ನೀರು ಎಲ್ಲಿಂದ ಅಂತ ಕೇಳಿ. ಹೇಮಾವತಿ ನೀರು ಹಂಚೋ ವಿಚಾರಕ್ಕೆ 2025ರಲ್ಲಿ ಗುಬ್ಬಿ, ತುಮಕೂರು ಕಡೆ ರೈತರು ಒಂದು ಕಡೆ, ಕುಣಿಗಲ್, ಮಾಗಡಿ ಕಡೆಯವರು ಒಂದು ಕಡೆ ಆಗಿ ಬೀದಿಗೆ ಬಂದದ್ದನ್ನ ನೋಡಿದ್ದೀವಿ. ಅಣ್ಣತಮ್ಮಂದಿರಿಗೇ ಸಾಲದ ನೀರಲ್ಲಿ ಕಾರ್ಖಾನೆ ಪಾಲೆಷ್ಟು ಅನ್ನೋದು ಮೊದಲೇ ಗೊತ್ತಾಗಬೇಕು.

7. ಇಳುವರಿ ಬರೆದಿಡಿ. ಒಂದು ನೋಟ್‌ಬುಕ್ಕಿನಲ್ಲಿ ಬಿತ್ತಿದ ದಿನ, ಮಳೆ, ಮೂಟೆ, ಮಾರಿದ ದರ. ಹಾಲಿನ ಡೈರಿ ಚೀಟಿ ಎಸೆಯಬೇಡಿ. ಇದೇ ಮುಂದೆ ಸಾಕ್ಷಿ.

ಇಷ್ಟು ಬರೆದ ಮೇಲೂ ನನ್ನ ಮಗ ಕಾರ್ಖಾನೆಗೆ ಹೋಗೋದನ್ನ ಬಿಡಲಿ ಅಂತ ನಾನು ಹೇಳಲ್ಲ. ಸಂಬಳ ಬರಲಿ. ರಾಗಿಯೂ ಇರಲಿ. ಗುತ್ತಿಗೆ ಮುಗಿದ ದಿನ ಅವನು ಬಂದು ನಿಲ್ಲೋಕೆ ಮೂರೂವರೆ ಎಕರೆ ಇರಬೇಕು, ಆ ಮಣ್ಣಿನ ಕೆಳಗಿನ ನೀರು ಕುಡಿಯೋ ಹಾಗಿರಬೇಕು. ನಮ್ಮೂರಲ್ಲಿ ಹನ್ನೊಂದು ಮನೆಯವರು ಸೇರಿ ಮೂರು ಬಾವಿ, ಒಂದು ಕೆರೆಯ ನೀರು ಪರೀಕ್ಷೆ ಮಾಡಿಸಿ ಕಾಗದವನ್ನ ಹಾಲಿನ ಡೈರಿಯ ಬೀರುವಿನಲ್ಲಿ ಇಟ್ಟಿದ್ದೀವಿ. ಇನ್ನು ಪ್ರತಿ ವರ್ಷ ಮುಂಗಾರಿಗೆ ಮುಂಚೆ ಒಂದು ಸಲ, ಸುಗ್ಗಿ ಮುಗಿದ ಮೇಲೆ ಒಂದು ಸಲ ಮಾಡಿಸೋದು ಅಂತ ತೀರ್ಮಾನ. ನಿಮ್ಮ ಕಡೆ ಇಂಥ ಲೆಕ್ಕ ಇಟ್ಟು ಗೆದ್ದವರಿದ್ದರೆ, ಸೋತವರಿದ್ದರೂ ಸರಿ, ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ.